ಹತ್ತು ನಿಮಿಷದ ನೀಲಿ ನೀರು

ಕಿರ್ರ್ ಎಂದು ಕೋಳಿ ಕೂಗಿಕೊಂಡಿತು.

ಜೀವವಿರುವ ಕೋಳಿಯಲ್ಲ. ಹೊಟ್ಟೆ ತಿರುಗಿಸಿ ಬಿಟ್ಟರೆ ಹತ್ತು ನಿಮಿಷ ಟಿಕ್ ಟಿಕ್ ಎನ್ನುತ್ತ ಕೂತಿದ್ದು, ಆಮೇಲೆ ಮೈಯೆಲ್ಲ ನಡುಗಿಸಿ ಬಾಯಿ ಬಡಿದುಕೊಳ್ಳುವ ತಗಡಿನ ಕೋಳಿ, ಅಡುಗೆಮನೆಯ ಗಡಿಯಾರ. ಹೈಟವರ್ ಬ್ಯೂಟಿ ಕಾಲೇಜಿನಲ್ಲಿ ಓಜೆಲ್ಲಾ ಪ್ರೂಯಿಟ್ ಇಪ್ಪತ್ತೆರಡು ವರ್ಷಗಳಿಂದ ಅದನ್ನು ಕೂಗಿಸುತ್ತಿದ್ದಳು. ಬಣ್ಣ ಹೋಗಿತ್ತು, ಕೊಕ್ಕು ಮುರಿದಿತ್ತು. ಕೂಗು ಮಾತ್ರ ಹಾಗೆಯೇ ಇತ್ತು.

“ಈಗ ತೆಗೀರಿ,” ಅಂದಳು ಓಜೆಲ್ಲಾ.

ಡೆಜಿರೇ ಎಂಬ ದೊಡ್ಡ ನಗುವಿನ ಹುಡುಗಿ ಇಕ್ಕಳ ಹಾಕಿ, ಎತ್ತರದ ಗಾಜಿನ ಜಾಡಿಯಲ್ಲಿದ್ದ ಕ್ರಿಮಿನಾಶಕದ ನೀಲಿ ನೀರಿನೊಳಗಿಂದ ಬಾಚಣಿಗೆಗಳನ್ನು ಒಂದೊಂದಾಗಿ ಎತ್ತಿದಳು.

“ಮೊದಲೇನು ಮಾಡ್ಬೇಕು?”

“ಬಾಚಣಿಗೇಲಿರೋ ಕೂದಲು ತೆಗೀಬೇಕು, ಮಿಸ್ ಓಜೆಲ್ಲಾ.”

“ಆಮೇಲೆ?”

“ಸೋಪಿನ ನೀರು.”

“ಆಮೇಲೆ?”

“ನೀಲಿ ನೀರು. ಪೂರ್ತಿ ಮುಳುಗ್ಬೇಕು. ಹತ್ತು ನಿಮಿಷ.”

“ಹತ್ತು ನಿಮಿಷ ಆದ್ಮೇಲೆ?”

ಭಾನುವಾರದ ಚರ್ಚಿನ ಗಾಯಕರಂತೆ ಹುಡುಗಿಯರೆಲ್ಲ ಒಟ್ಟಿಗೆ ರಾಗ ಎಳೆದರು. “ಹೊಲಸು ಯಾವ್ದೂ ಬದುಕಿರಲ್ಲ!”

ಅದು ಓಜೆಲ್ಲಾಳ ಸ್ವಂತ ವಾಕ್ಯ. ಯಾವ ಪುಸ್ತಕದಲ್ಲೂ ಇರಲಿಲ್ಲ. ಮಿಸಿಸಿಪ್ಪಿಯ ಡೆಲ್ಟಾದಲ್ಲಿ ಈ ಇಪ್ಪತ್ತೆರಡು ವರ್ಷಗಳಲ್ಲಿ ಯಾರ ತಲೆಯನ್ನು ಯಾರು ತೊಳೆದು, ನೇರ ಮಾಡಿ, ಜಡೆ ಹಾಕಿದ್ದರೂ ಆ ಕೈಗಳಲ್ಲಿ ಅರ್ಧದಷ್ಟು ಈ ವಾಕ್ಯ ಕಲಿತೇ ಹೊರಗೆ ಹೋಗಿದ್ದವು. ಸ್ವಚ್ಛತೆಯ ಪಾಠ ಅವಳದು. ಜಡೆ, ಬಣ್ಣ, ಕತ್ತರಿ ಕೆಲಸವನ್ನೆಲ್ಲ ಬೇರೆಯವರು ಕಲಿಸುತ್ತಿದ್ದರು. ಓಜೆಲ್ಲಾ ಕಲಿಸುತ್ತಿದ್ದದ್ದು ಅಸಹ್ಯಪಡುವುದನ್ನು.

ಅಸಹ್ಯಪಡುವುದರಲ್ಲಿ ಅವಳಿಗೆ ಊರಿನಲ್ಲಿ ಸರಿಸಾಟಿ ಇರಲಿಲ್ಲ. ಬಚ್ಚಲ ಜಾಲರಿಯಲ್ಲಿ ಸುತ್ತಿಕೊಂಡ ಕೂದಲಿನ ಉಂಡೆ, ಕೂದಲು ನೇರ ಮಾಡುವ ಮುಲಾಮಿನ ಕೊಳೆತ ಮೊಟ್ಟೆಯ ವಾಸನೆ, ಯಾರೋ ಕಡಿದಿಟ್ಟ ಉಗುರು, ಬೇರೆಯವರ ಬೆವರು ಕುಡಿದ ಟವೆಲ್. ಯಾವುದು ಕಂಡರೂ ಅವಳ ಮೂಗಿನ ಎಡಗಡೆ ಮೇಲಕ್ಕೆ ಸರಿಯುತ್ತಿತ್ತು. ಹುಡುಗಿಯರು ಅದಕ್ಕೆ ‘ಬಾವುಟ’ ಎಂದು ಹೆಸರಿಟ್ಟಿದ್ದರು. “ಬಾವುಟ ಏರ್ತು ಕಣ್ರೇ” ಎಂದು ಒಬ್ಬಳು ಪಿಸುಗುಟ್ಟಿದರೆ ಉಳಿದವರು ಮೇಜು ಒರೆಸಲು ಓಡುತ್ತಿದ್ದರು. ಅವಳ ಕೈಗಳನ್ನು ಈ ಹುಡುಗಿಯರು ಯಾರೂ ನೋಡಿರಲಿಲ್ಲ. ಬೆಳಿಗ್ಗೆ ಹಾಜರಿ ಗಡಿಯಾರದಲ್ಲಿ ಕಾರ್ಡ್ ಒತ್ತುವ ಮೊದಲೇ ಹಳದಿ ರಬ್ಬರ್ ಕೈಗವಸು ಹಾಕಿಕೊಂಡರೆ ಸಂಜೆ ಕಾರು ಹತ್ತಿದ ಮೇಲೆಯೇ ಬಿಚ್ಚುತ್ತಿದ್ದಳು.

ಆ ಬುಧವಾರ ಬಾವುಟ ಏರಿದ್ದು ಜಾಡಿಯನ್ನು ನೋಡಿ. ನಿನ್ನೆ ಸಂಜೆ ನೀಲಿ ನೀರಿನ ಮಟ್ಟಕ್ಕೆ ಮೇಣದ ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದಳು. ನೀರು ಈಗ ಗೆರೆಗಿಂತ ಎರಡು ಬೆರಳು ಕೆಳಗಿತ್ತು. ಸೋಮವಾರವೂ ಹೀಗೇ ಆಗಿತ್ತು.

“ಇದನ್ನ ಯಾರು ತಗೊಂಡಿದ್ದು?”

“ಕುಡಿದಿರ್ಬೇಕು, ಮಿಸ್ ಓಜೆಲ್ಲಾ,” ಅಂದಳು ಡೆಜಿರೇ. “ನಮ್ಮ ಕ್ಯಾಂಟೀನ್ ಟೀಗಿಂತ ಇದೇ ವಾಸಿ.”

ಎಲ್ಲರೂ ನಕ್ಕರು. ಟೆರಿಯಾ ನಗಲಿಲ್ಲ. ಆಗ ಓಜೆಲ್ಲಾಳಿಗೆ ಹೊಳೆಯಿತು: ಸ್ವಲ್ಪ ಹೊತ್ತಿನ ಮುಂಚೆ ಹೊಲಸಿನ ರಾಗ ಎಳೆದದ್ದು ಹನ್ನೊಂದು ಬಾಯಿ. ಹನ್ನೆರಡನೆಯದು ಮುಚ್ಚಿಕೊಂಡಿತ್ತು.

ಟೆರಿಯಾ ಮೋಸ್ಲಿಗೆ ಹತ್ತೊಂಬತ್ತು ವರ್ಷ. ಮೀನು ಸಾಕುವ ಕೆರೆಗಳ ಕಡೆಯಿಂದ, ಚಿಕ್ಕಮ್ಮನ ಮನೆಯಿಂದ ಬರುತ್ತಿದ್ದಳು. ಅವಳ ಬೆರಳುಗಳಿಗೆ ನೋಯಿಸುವುದೇ ಗೊತ್ತಿರಲಿಲ್ಲ. ಬೇರೆಯವರು ಜಡೆ ಹಾಕುವಾಗ ಕಿರುಚಿ ಕಾಲು ಝಾಡಿಸುವ ಮಕ್ಕಳು ಟೆರಿಯಾಳ ಮೊಣಕಾಲಿನ ನಡುವೆ ಕೂತರೆ ನಿದ್ದೆ ಹೋಗುತ್ತಿದ್ದವು. ಅವಳು ಈಗ ಕುರ್ಚಿಯ ತುದಿಯಲ್ಲಿ, ಒಂದು ತೊಡೆಯ ಮೇಲೆ ಭಾರ ಬಿಟ್ಟು, ಓರೆಯಾಗಿ ಕೂತಿದ್ದಳು.

ಊಟದ ಹೊತ್ತಿನಲ್ಲಿ ಓಜೆಲ್ಲಾ ಹುಡುಗಿಯರ ಪಾಯಿಖಾನೆ ತೊಳೆಯಲು ಹೋದಳು. ಅದು ಅವಳ ಕೆಲಸವಲ್ಲ. ಬೇರೆಯವರು ತೊಳೆದರೆ ತೊಳೆದಂತೆ ಅನ್ನಿಸುತ್ತಿರಲಿಲ್ಲ, ಅಷ್ಟೆ. ಕೈತೊಳೆಯುವ ಬೋಗುಣಿಯ ಕೆಳಗೆ, ಬಾಗಿದ ಕೊಳವೆಯ ಹಿಂದೆ, ಕಾಗದದ ಟವೆಲ್ಲಿನಲ್ಲಿ ಸುತ್ತಿ ಬಚ್ಚಿಟ್ಟ ಒಂದು ವಸ್ತು ಕೈಗೆ ಸಿಕ್ಕಿತು. ತಲೆಗೆ ಬಣ್ಣ ಹಚ್ಚುವ, ಚೂಪು ಮೂತಿಯ ಪ್ಲಾಸ್ಟಿಕ್ ಶೀಸೆ. ಒಳಗೆ ಕಾಲು ಭಾಗ ನೀಲಿ ನೀರು. ಟವೆಲ್ಲಿನ ಮೇಲೆ ನೀಲಿ ಕಲೆ, ಅದರ ಅಂಚಿನಲ್ಲಿ ಕಂದು ಬಣ್ಣದ ಇನ್ನೊಂದು ಕಲೆ.

ಓಜೆಲ್ಲಾ ಅಲ್ಲೇ ಮೊಣಕಾಲೂರಿದಳು. ಮೂಗು ಏರಲಿಲ್ಲ.

ಶೀಸೆಯನ್ನು ನೋಡುತ್ತಿದ್ದಂತೆ ಕಳೆದ ವಾರದ ಒಂದು ಲೋಟ ಅವಳ ಕಣ್ಣ ಮುಂದೆ ಬಂತು.

ಕಾಲೇಜಿನ ಪಾಠಪಟ್ಟಿಯಲ್ಲಿ ‘ದೇಹಾರೋಗ್ಯ’ ಎಂದು ನಾಲ್ಕು ಗಂಟೆ ಇತ್ತು. ಕಾಲೇಜಿನ ಯಜಮಾನಿ ವರ್ಡೆಲ್ ಹೈಟವರ್ ಅದನ್ನು ಮಿಸೆಸ್ ಕೊರಿನ್ ಬ್ಲೇಲಾಕ್ ಎಂಬಾಕೆಗೆ ಬಿಟ್ಟುಕೊಟ್ಟಿದ್ದಳು. ಬ್ಲೇಲಾಕ್ ಊರೂರು ತಿರುಗಿ ವಯಸ್ಸಿಗೆ ಬಂದ ಹುಡುಗಿಯರಿಗೆ ಪರಿಶುದ್ಧತೆಯ ಬಗ್ಗೆ ಭಾಷಣ ಮಾಡುವವಳು. ಅವಳ ಚರ್ಚಿನ ಹೆಂಗಸರೆಲ್ಲ ತಲೆ ತೊಳೆಸಿಕೊಳ್ಳಲು ಬರುತ್ತಿದ್ದದ್ದು ಇದೇ ಕಾಲೇಜಿಗೆ. ಹುಡುಗಿಯರಿಗೆ ಕೈ ಪಳಗಿಸಲು ತಲೆಗಳು ಬೇಕಲ್ಲ.

ಕಳೆದ ಗುರುವಾರ ಆಕೆ ಒಂದು ಕಾಗದದ ಲೋಟ ಹಿಡಿದುಕೊಂಡು ಬಂದಿದ್ದಳು. ಗುಲಾಬಿ ಸೂಟು, ಅದೇ ಬಣ್ಣದ ಟೋಪಿ, ಪುದೀನ ಪೆಪ್ಪರ್‌ಮಿಂಟಿನ ಉಸಿರು. “ಎಲ್ಲಾರೂ ಇದರಲ್ಲಿ ಒಂದ್ಸಲ ಉಗೀರಿ, ಬಂಗಾರಗಳಾ,” ಅಂದಳು. ಹುಡುಗಿಯರು ಕಿಸಿಕಿಸಿ ನಗುತ್ತ ಉಗಿದರು. ಲೋಟ ಕೈಯಿಂದ ಕೈಗೆ ಹೋಯಿತು. ಡೆಜಿರೇ ಗಂಟಲಿನ ಆಳದಿಂದ ಎಳೆದು ಉಗಿದು ಚಪ್ಪಾಳೆ ಗಿಟ್ಟಿಸಿದಳು. ಕೊನೆಯ ಸಾಲಿನ ಕೊನೆಗೆ ಕೂತಿದ್ದದ್ದು ಟೆರಿಯಾ.

“ನೀನು ಉಗೀಬೇಡ,” ಅಂದಳು ಬ್ಲೇಲಾಕ್, ಸಕ್ಕರೆಯಂಥ ದನಿಯಲ್ಲಿ. “ನೀನು ಕುಡಿ.”

ಕೋಣೆಯೆಲ್ಲ ‘ಇಸ್ಸಿ’ ಎಂದಿತು.

“ಕುಡಿಯೋಕಾಗಲ್ಲ ಅಲ್ವಾ? ಅವನ ಜೊತೆ, ಇವನ ಜೊತೆ ಹೋದ ಹುಡುಗೀನೂ ಇಷ್ಟೇ. ನಾಳೆ ನಿಮ್ಮನ್ನ ಮದುವೆ ಆಗೋ ಗಂಡಿನ ಕೈಗೆ ನೀವು ಕೊಡೋದು ಇದೇ ಲೋಟ.”

ಟೆರಿಯಾ ಲೋಟ ಹಿಡಿದೇ ಕೂತಿದ್ದಳು. ಅದನ್ನು ಇಡಲು ಯಾರೂ ಅವಳಿಗೆ ಹೇಳಲಿಲ್ಲ. ಬಾಗಿಲ ಬಳಿ ನಿಂತಿದ್ದ ಓಜೆಲ್ಲಾಳೂ ಹೇಳಲಿಲ್ಲ. ಎಲ್ಲರೂ ಹೋದ ಮೇಲೆ ಅದನ್ನು ಚೆಲ್ಲುವ ಕೆಲಸ ಅವಳ ಪಾಲಿಗೆ ಬಂತು. ಬೆಚ್ಚಗೆ, ನೊರೆನೊರೆಯಾಗಿದ್ದ ಅದನ್ನು ಬೋಗುಣಿಗೆ ಸುರಿಯುವಾಗ ಎರಡು ಸಲ ಓಕರಿಕೆ ಬಂದಿತ್ತು. ಆವತ್ತು ಅವಳಿಗೆ ಅಸಹ್ಯವಾದದ್ದು ಎಂಜಲು. ಈಗ ಈ ತಣ್ಣನೆಯ ನೆಲದ ಮೇಲೆ ಅಸಹ್ಯವಾದದ್ದು ಆ ಸಕ್ಕರೆ ದನಿ, ಮತ್ತು ಬಾಗಿಲ ಬಳಿ ಬಾಯಿ ಮುಚ್ಚಿಕೊಂಡು ನಿಂತಿದ್ದ ಹಳದಿ ಕೈಗವಸಿನ ಒಬ್ಬ ಮುದುಕಿ.

ಟೆರಿಯಾಳನ್ನು ಅವಳು ಟವೆಲ್ ಒಣಗಿಸುವ ಕೋಣೆಗೆ ಕರೆದಳು. ಯಂತ್ರ ಗಡಗಡ ತಿರುಗುತ್ತಿತ್ತು. ಮಾತು ಹೊರಗೆ ಹೋಗುವಂತಿರಲಿಲ್ಲ. ಶೀಸೆಯನ್ನು ಕಟ್ಟೆಯ ಮೇಲಿಟ್ಟಳು.

ಟೆರಿಯಾ ಅದನ್ನು ನೋಡಿ ನೆಲ ನೋಡಿದಳು. “ಬೈಬೇಡಿ, ಮಿಸ್ ಓಜೆಲ್ಲಾ.”

“ಬೈತೀನಿ ಅಂದ್ನಾ?”

“ಮೂಗು ಹಾಗಂತಿದೆ.”

“ಮೂಗಿನ ಮಾತು ಬಿಡು. ಎಷ್ಟು ದಿನದಿಂದ?”

“ಇದಾ? ಶುಕ್ರವಾರದಿಂದ.” ಶೀಸೆಯನ್ನು ಕಟ್ಟೆಯ ಅಂಚಿಗೆ ಸರಿಸಿದಳು. “ಬೇರೇದು… ಮೂರು ವಾರ ಆಯ್ತು. ಉರಿ. ಬಟ್ಟೆ ಎಲ್ಲ ಒದ್ದೆ. ವಾಸ್ನೆ. ಜೆರಾಲ್ಡ್ ಫೋನ್ ಮಾಡಿದ್ದ, ಅವನಿಗೆ ಏನೋ ಇದೆಯಂತೆ, ಮಾತ್ರೆ ಕೊಟ್ರಂತೆ, ‘ನೀನೂ ತೋರಿಸ್ಕೊ’ ಅಂದ. ಅಷ್ಟೇ. ಆಮೇಲೆ ಫೋನ್ ಎತ್ತಲ್ಲ.”

“ಏನಂತೆ ಅದು? ಹೆಸರು ಹೇಳಿದ್ನಾ?”

“ಕ್ಲಮೀಡಿಯ.” ಆ ಹೆಸರನ್ನು ಅವಳು ಬಾಯಿಯೊಳಗಿನ ಕೂದಲನ್ನು ತೆಗೆದಂತೆ ತೆಗೆದು ಹಾಕಿದಳು.

“ಅದಕ್ಕೆ ಔಷಧಿ ಇದೆ ಕಣೇ. ಮಾತ್ರೆ ನುಂಗಿದ್ರೆ ಹೋಗತ್ತೆ. ಅದು ಬಿಟ್ಟು ಇದನ್ಯಾಕೆ…”

ಟೆರಿಯಾ ಮೊದಲ ಸಲ ತಲೆಯೆತ್ತಿದಳು. ಕಣ್ಣಿನಲ್ಲಿ ನಿಜವಾದ ಆಶ್ಚರ್ಯ.

“ನೀವೇ ಹೇಳಿದ್ರಲ್ಲ? ಹತ್ತು ನಿಮಿಷ ಇಟ್ರೆ ಹೊಲಸು ಯಾವ್ದೂ ಬದುಕಿರಲ್ಲ ಅಂತ. ನಂಗೆ ಹತ್ತು ನಿಮಿಷ ತಡ್ಕೊಳ್ಳೋಕಾಗ್ಲಿಲ್ಲ. ಒಂದಿನ ನಾಲ್ಕು ನಿಮಿಷ. ನಿನ್ನೆ ಐದು. ಇವತ್ತು ಹತ್ತು ಮಾಡೇ ಮಾಡ್ತೀನಿ ಅಂತಿದ್ದೆ.”

ಒಣಗಿಸುವ ಯಂತ್ರದೊಳಗೆ ಟವೆಲ್ಲುಗಳ ನಡುವೆ ಸಿಕ್ಕಿದ ಯಾವುದೋ ಗುಂಡಿ ಕಟಕಟ ಬಡಿಯುತ್ತಿತ್ತು. ಓಜೆಲ್ಲಾ ಅದನ್ನೇ ಕೇಳುತ್ತ ನಿಂತಳು. ನಾಲ್ಕು. ಐದು. ಬಾಗಿಲಿಗೆ ಅಗುಳಿ ಹಾಕಿಕೊಂಡು, ತುಟಿ ಕಚ್ಚಿಕೊಂಡು, ಈ ಹುಡುಗಿ ತನ್ನ ಪಾಠವನ್ನು ಎಣಿಸಿದ್ದಾಳೆ. ಇಪ್ಪತ್ತೆರಡು ವರ್ಷಗಳಲ್ಲಿ ಇಷ್ಟು ಶ್ರದ್ಧೆಯಿಂದ ಆ ಪಾಠ ಕಲಿತ ಇನ್ನೊಬ್ಬ ವಿದ್ಯಾರ್ಥಿನಿ ಇರಲಿಲ್ಲ.

“ಇನ್ಮೇಲೆ ಒಂದು ತೊಟ್ಟೂ ಒಳಗೆ ಹಾಕ್ಕೋಬಾರ್ದು. ನನ್ನ ಮೇಲೆ ಆಣೆ ಇಡು.”

“ಸರಿ.”

“ನಾಳೆ ಬೆಳಿಗ್ಗೆ ನನ್ ಜೊತೆ ಕ್ಲಿನಿಕ್ಕಿಗೆ ಬಾ.”

“ಇಲ್ಲಿಗಾ? ಅಲ್ಲಿ ಹೆಸರು ಬರ್ಕೊಳ್ಳೋ ಕಿಟಕೀಲಿ ಕೂತಿರೋಳು ನಮ್ಮ ಚಿಕ್ಕಮ್ಮನ ಜೊತೆ ಚರ್ಚಿನ ಕೊಯರ್‌ನಲ್ಲಿ ಹಾಡ್ತಾಳೆ. ನಾನು ಮನೆ ತಲುಪೋದ್ರೊಳಗೆ ಸುದ್ದಿ ತಲುಪಿರತ್ತೆ.”

“ಇಲ್ಲಿಗಲ್ಲ. ನದಿ ಕಡೆಯ ಊರಿಗೆ. ಕಾರಲ್ಲಿ ಒಂದು ಗಂಟೆ. ಗುರುವಾರ ಹನ್ನೆರಡರ ತನಕ ಮೊದಲೇ ಹೆಸರು ಬರೆಸದೆ ಹೋದವರನ್ನೂ ನೋಡ್ತಾರೆ. ನಾಳೆ ಬಿಟ್ರೆ ಮುಂದಿನ ಗುರುವಾರ.”

“ಡಾಕ್ಟರ್ ಮುಂದೆ ಹೇಗೆ… ನಾನು ಹೊಲಸಾಗಿದೀನಿ, ಮಿಸ್ ಓಜೆಲ್ಲಾ. ಮೊದಲು ಸ್ವಲ್ಪ ತೊಳ್ಕೊಂಡು ಆಮೇಲೆ ಹೋಗೋಣ ಅಂತ…”

“ಎಂಟಕ್ಕೆ,” ಅಂದಳು ಓಜೆಲ್ಲಾ. “ನನ್ನ ಕಾರಿನ ಹತ್ರ.”

ಟೆರಿಯಾ ಕತ್ತು ಅಲ್ಲಾಡಿಸಿದಳು. ಹೌದೆಂದೋ ಅಲ್ಲವೆಂದೋ ತಿಳಿಯುವಂತಿರಲಿಲ್ಲ.

ಆ ಸಂಜೆ ಮನೆಯಲ್ಲಿ ಓಜೆಲ್ಲಾ ಜೋಳದ ರೊಟ್ಟಿ, ಹಂದಿ ಕೊಬ್ಬು ಹಾಕಿ ಬೇಯಿಸಿದ ಸೊಪ್ಪು ತಟ್ಟೆಗೆ ಹಾಕಿಕೊಂಡು ತಿನ್ನದೆ ಕೂತಳು. ಎದುರಿಗೆ ಹಳದಿ ಬಣ್ಣದ ಸಣ್ಣ ಕೋಣೆ. ಮದುವೆಯಾದ ವರ್ಷ, ಮುಂದೆ ಹುಟ್ಟುವ ಮಗುವಿಗೆಂದು, ಗಂಡ ಲೂಷಸ್ ಶಿಳ್ಳೆ ಹಾಕುತ್ತ ಬಳಿದ ಬಣ್ಣ. ಆ ಕೋಣೆಯಲ್ಲಿ ಆಮೇಲೆ ಮೀನಿನ ಗಾಳದ ಕೋಲುಗಳನ್ನಿಟ್ಟ. ಏನೂ ಅನ್ನಲಿಲ್ಲ. ಸಾಯುವವರೆಗೂ ಏನೂ ಅನ್ನಲಿಲ್ಲ.

ಅವಳ ಅಜ್ಜಿ ಹೊಲಗಳ ನಡುವೆ ಬಿಳಿ ಚೀಲ ಹಿಡಿದು ನಡೆದು ಹೆರಿಗೆ ಮಾಡಿಸುತ್ತಿದ್ದವಳು. ಮೈಯ ಪ್ರತಿ ಭಾಗಕ್ಕೂ ಅವಳ ಬಳಿ ಹೆಸರಿತ್ತು. ಕಾಳು ಬಿಡಿಸುತ್ತ ಹೇಳುತ್ತಿದ್ದಳು. ಓಜೆಲ್ಲಾ ಆರು ವರ್ಷದವಳಿದ್ದಾಗ ಅಜ್ಜಿ ತೀರಿಕೊಂಡಳು, ಹೆಸರುಗಳೂ ಹೋದವು. ಅಮ್ಮನ ಬಳಿ ಇದ್ದದ್ದು ಒಂದೇ ಪದ. ಮುಟ್ಟಾದರೆ ಹೊಲಸು. ಕೇಳಿದರೆ ಹೊಲಸು. ಹುಡುಗರ ಕಡೆ ನೋಡಿದರೆ ಹೊಲಸು. ಹತ್ತೊಂಬತ್ತನೇ ವಯಸ್ಸಿನಲ್ಲಿ ಓಜೆಲ್ಲಾಳಿಗೂ ಉರಿ ಬಂದಿತ್ತು, ಕಿಬ್ಬೊಟ್ಟೆ ನೋವು, ನಾಲ್ಕು ದಿನ ಜ್ವರ. ಯಾರಿಗೂ ಹೇಳಲಿಲ್ಲ. ವಿನೆಗರ್ ನೀರಿನಲ್ಲಿ ತೊಳೆದುಕೊಂಡಳು. ತಾನಾಗಿ ಹೋಯಿತು. ಹೋಯಿತು ಎಂದುಕೊಂಡಳು. ಇಪ್ಪತ್ತೇಳರಲ್ಲಿ ಡಾಕ್ಟರ್ ಎಕ್ಸ್‌ರೇಯ ಒಂದು ಕಪ್ಪು ಚಿತ್ರವನ್ನು ಬೆಳಕಿಗೆ ಹಿಡಿದು, “ಗರ್ಭಕೋಶದ ಎರಡೂ ನಾಳಗಳು ಮುಚ್ಚಿಹೋಗಿವೆ. ಹಳೇ ಸೋಂಕು. ಆವತ್ತೇ ಬಂದಿದ್ರೆ ಒಂದು ವಾರದ ಮಾತ್ರೆ ಸಾಕಿತ್ತಲ್ಲಮ್ಮ,” ಎಂದ.

ಅಲ್ಲಿಂದಾಚೆ ಅವಳು ಕೈಗೆ ಸಿಕ್ಕಿದ್ದನ್ನೆಲ್ಲ ಕುದಿಸತೊಡಗಿದಳು. ಚಮಚ, ಬಟ್ಟೆ, ಕಿಟಕಿಯ ಪರದೆ. ಕುದಿಸುವುದನ್ನೇ ಕಸುಬು ಮಾಡಿಕೊಂಡಳು. ಅಮ್ಮನ ಒಂದೇ ಒಂದು ಪದಕ್ಕೆ ತಗಡಿನ ಕೋಳಿಯನ್ನು ಕಟ್ಟಿ, ರಾಗ ಹಾಕಿ, ನೂರಾರು ಹುಡುಗಿಯರ ಬಾಯಿಗೆ ತುರುಕಿದಳು. ತಟ್ಟೆಯಲ್ಲಿನ ಸೊಪ್ಪು ತಣ್ಣಗಾಗಿ ಮೇಲೆ ಹಂದಿ ಕೊಬ್ಬಿನ ಬಿಳಿ ಪದರ ಕಟ್ಟಿತ್ತು. ಅವಳು ಅದನ್ನು ನೋಡಿದಳು. ತನ್ನನ್ನು ನೋಡಿಕೊಂಡಂತಾಗಿ ಎದ್ದಳು.

ಗುರುವಾರ ಎಂಟು ಗಂಟೆಗೆ ಕಾರಿನ ಹತ್ತಿರ ಯಾರೂ ಬರಲಿಲ್ಲ. ಎಂಟೂವರೆಗೆ ಟೆರಿಯಾ ಹಿಂಬಾಗಿಲಿನಿಂದ ಬಂದು, ಗಡಿಯಾರಕ್ಕೆ ಕಾರ್ಡ್ ತೂರಿಸಿ, ಓಜೆಲ್ಲಾಳ ಕಣ್ಣು ತಪ್ಪಿಸಿ ಕೊನೆಯ ಸಾಲಿನಲ್ಲಿ ಓರೆಯಾಗಿ ಕೂತಳು. ಕಾರ್ಡಿನಲ್ಲಿ ಸಾವಿರದೈನೂರು ಗಂಟೆ ತರಗತಿ ತುಂಬಿದರೆ ಮಾತ್ರ ಕಸುಬಿನ ಲೈಸೆನ್ಸು. ಒಂದು ಗಂಟೆ ಕಳೆದುಕೊಳ್ಳಲೂ ಯಾರಿಗೂ ಇಷ್ಟವಿರುತ್ತಿರಲಿಲ್ಲ. ಅದು ಅವಳ ನೆಪ. ನಿಜವಾದ ಕಾರಣ ಓಜೆಲ್ಲಾಳಿಗೆ ಗೊತ್ತಿತ್ತು. ತೊಳೆದುಕೊಳ್ಳದೆ ಡಾಕ್ಟರ ಮುಂದೆ ಹೋಗುವುದು ಹೇಗೆ?

ಹನ್ನೆರಡರೊಳಗೆ ಕ್ಲಿನಿಕ್ಕು ತಲುಪಲು ಹತ್ತೂವರೆಯೊಳಗೆ ಹೊರಡಬೇಕು. ಹತ್ತಕ್ಕೆ ಬ್ಲೇಲಾಕ್ ಬರುತ್ತಾಳೆ.

ಒಂಬತ್ತಕ್ಕೆ ಓಜೆಲ್ಲಾ ಜಾಡಿಯನ್ನು ಮೇಜಿನ ನಡುವೆ ಇಟ್ಟಳು. ಕೋಳಿಯ ಹೊಟ್ಟೆ ತಿರುಗಿಸಲಿಲ್ಲ. ಎಲ್ಲರೂ ನೋಡುತ್ತಿದ್ದಂತೆ ಎಡಗೈಯ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಬಿಚ್ಚಿದಳು. ಆಮೇಲೆ ಬಲಗೈ.

“ದೇವರೇ!” ಅಂದಳು ಡೆಜಿರೇ. ಅದು ತಮಾಷೆಯಾಗಿರಲಿಲ್ಲ.

ಬೆರಳುಗಳ ಚರ್ಮ ಒಣಗಿದ ಕೆರೆಯ ತಳದಂತೆ ಒಡೆದಿತ್ತು. ಉಗುರಿನ ಸುತ್ತ ಸಿಪ್ಪೆ ಎದ್ದು ಕೆಂಪಗೆ ಹಸಿ ಮಾಂಸ.

“ಮೊದಲ ಆರು ವರ್ಷ ಕೈಗವಸು ಹಾಕ್ಕೊಳ್ದೆ ನೀಲಿ ನೀರಿಗೆ ಕೈ ಹಾಕ್ದೆ. ಇನ್ನೂ ವಾಸಿ ಆಗಿಲ್ಲ. ಇದು ಹೊರಗಿನ ಚರ್ಮ, ಗಟ್ಟಿ ಚರ್ಮ. ತುಟಿ ಒಳಗಡೆ ನಾಲಿಗೆ ಆಡಿಸಿ ನೋಡ್ರಿ. ಹೆಂಗಸಿನ ಒಳಗಿರೋದು ಆ ಥರದ್ದು. ಅಲ್ಲಿಗೆ ಇದನ್ನ ಹಾಕಿದ್ರೆ ಏನಾಗತ್ತೆ?”

“ಯಾರ್ ಹಾಕ್ತಾರೆ, ಮಿಸ್ ಓಜೆಲ್ಲಾ?” ಅಂದಳು ಒಬ್ಬಳು.

“ನಾನು ವಿನೆಗರ್ ಹಾಕಿದ್ದೆ.”

ಓಜೆಲ್ಲಾ ಮೇಜಿನ ಮೇಲಿದ್ದ ಕೆಂಪು ಲಿಪ್‌ಸ್ಟಿಕ್ ತೆಗೆದುಕೊಂಡು ಗೋಡೆಯ ದೊಡ್ಡ ಕನ್ನಡಿಯ ಮೇಲೆ ಚಿತ್ರ ಬರೆಯತೊಡಗಿದಳು.

“ಎತ್ತಿನ ತಲೆ!” ಅಂದಳು ಡೆಜಿರೇ, ತಡೆಯಲಾರದೆ.

“ಹೌದು, ಎತ್ತಿನ ತಲೆ. ನಿನ್ನೊಳಗೂ ಒಂದಿದೆ. ಇದು ಗರ್ಭಕೋಶ. ಈ ಕೊಂಬುಗಳೇ ನಾಳಗಳು. ಇದು ಯೋನಿ. ಹೇಳಿ.”

“ಯಾವ್ದನ್ನ?”

“ಹೆಸರನ್ನ. ಮೂಗು, ಕಿವಿ ಅನ್ನಲ್ವಾ? ಹಾಗೇ ಹೇಳಿ.”

ನಾಲ್ಕು ಬಾಯಿ ಹೇಳಿದವು. ಆಮೇಲೆ ಏಳು. ಇಬ್ಬರು ಮುಖ ಮುಚ್ಚಿಕೊಂಡು ನಕ್ಕರು. ಟೆರಿಯಾ ಹೇಳಲಿಲ್ಲ, ಕನ್ನಡಿಯನ್ನು ನೋಡುತ್ತಿದ್ದಳು. ಕೆಂಪು ಗೆರೆಗಳ ಹಿಂದೆ ಅವಳದೇ ಮುಖ ಇತ್ತು.

“ಒಳಗಡೆ ತಾನೇ ತೊಳ್ಕೊಳ್ಳತ್ತೆ. ಹೊರಗಡೆಗೆ ಬರೀ ನೀರು ಸಾಕು. ಸೋಂಕು ಬಂದ್ರೆ, ಉರಿ, ನೋವು, ವಾಸ್ನೆ ಬಂದ್ರೆ, ಏನೂ ಇಲ್ದೆ ಬರೀ ಅನುಮಾನ ಬಂದ್ರೂ, ಕ್ಲಿನಿಕ್ಕಿಗೆ ಹೋಗ್ಬೇಕು. ಒಂದು ಲೋಟ ಉಚ್ಚೆ ಕೊಟ್ರೆ ಸಾಕು, ಪರೀಕ್ಷೆ ಮಾಡ್ತಾರೆ. ಮಾತ್ರೆ ಕೊಡ್ತಾರೆ. ಏನೇನೋ ಹಾಕಿ ತೊಳ್ಕೊಂಡ್ರೆ ಸೋಂಕು ಇಲ್ಲಿಂದ ಇಲ್ಲಿಗೆ ಹೋಗತ್ತೆ.” ಲಿಪ್‌ಸ್ಟಿಕ್ ಕೊಂಬಿನ ತುದಿಗೆ ಹೋಗಿ ಅಲ್ಲಿ ಒಂದು ದಪ್ಪ ಅಡ್ಡಗೆರೆ ಎಳೆಯಿತು. ಇನ್ನೊಂದು ಕೊಂಬಿಗೆ ಇನ್ನೊಂದು. “ನಂದು ಹೀಗಾಯ್ತು. ಹತ್ತೊಂಬತ್ತು ವರ್ಷ ಆಗ ನಂಗೆ. ಹೊಲಸು ಅಂತ ಬಾಯಿ ಮುಚ್ಕೊಂಡಿದ್ದೆ.”

ಆಮೇಲೆ ಒಬ್ಬಳು ಕೈ ಎತ್ತಿದಳು. “ಕಾಂಡೋಮ್ ಹರಿದೋದ್ರೆ?”

“ಬಸಿರು ನಿಲ್ಲದ ಹಾಗೆ ಔಷಧಿ ಅಂಗಡೀಲಿ ಮಾತ್ರೆ ಸಿಗತ್ತೆ. ಬೇಗ ತಗೊಂಡಷ್ಟೂ ಒಳ್ಳೇದು. ಆಮೇಲೆ ಪರೀಕ್ಷೆ.”

“ಅವನು ಮಾತ್ರೆ ತಗೊಂಡು ನಾನು ತಗೊಳ್ದಿದ್ರೆ?”

“ನಿನ್ನಿಂದ ಅವನಿಗೆ ವಾಪಸ್ ಬರತ್ತೆ. ಇಬ್ರೂ ತಗೋಬೇಕು.”

“ಅವನು ಕಾಂಡೋಮ್ ಬೇಡ ಅಂದ್ರೆ?”

“ನೀನು ಅವನನ್ನೇ ಬೇಡ ಅನ್ನು,” ಅಂದಳು ಡೆಜಿರೇ, ಓಜೆಲ್ಲಾಳಿಗಿಂತ ಮುಂಚೆ. ಈ ಸಲ ನಗು ಬೇರೆ ಥರ ಇತ್ತು.

ಓಜೆಲ್ಲಾ ಜಾಡಿಯ ಮೇಲೆ ಕೈಯಿಟ್ಟಳು. “ಒಂದು ತಪ್ಪು ಪಾಠ ಮಾಡಿದೀನಿ, ಅದನ್ನ ತಿದ್ಕೊಳ್ಳಿ. ಈ ನೀರು ಬಾಚಣಿಗೆಗೆ, ಕತ್ತರಿಗೆ. ಜೀವ ಇಲ್ಲದ ವಸ್ತುಗೆ. ಕಾಯಿಲೆ ಬಂದ ಹುಡುಗಿ ಹೊಲಸಲ್ಲ. ಕಾಯಿಲೆಯವಳು, ಅಷ್ಟೇ. ನೆಗಡಿ ಆದವಳನ್ನ ಹೊಲಸು ಅಂತೀವಾ?”

“ವಾಹ್!” ಎಂಬ ದನಿ ಬಾಗಿಲಿನಿಂದ ಬಂತು. ಪುದೀನ ವಾಸನೆ ಅದಕ್ಕಿಂತ ಮುಂಚೆ ಬಂದಿತ್ತು. ಮಿಸೆಸ್ ಬ್ಲೇಲಾಕ್ ನಸುನೀಲಿ ಸೂಟಿನಲ್ಲಿ ನಿಂತು ಕನ್ನಡಿ ನೋಡುತ್ತಿದ್ದಳು. ಪಕ್ಕದಲ್ಲಿ ವರ್ಡೆಲ್ ಹೈಟವರ್, ಕುತ್ತಿಗೆಯ ಮುತ್ತಿನ ಸರವನ್ನು ತಿರುವುತ್ತ.

“ಏನು ಕೊಳಕು ಚಿತ್ರ ಇದು!” ಅಂದಳು ಬ್ಲೇಲಾಕ್, ನಗುವನ್ನು ಇಳಿಸದೆ. “ಪರವಾಗಿಲ್ಲ, ಬಂಗಾರಗಳಾ. ಈಗ ಸ್ವಲ್ಪ ನಿರ್ಮಲವಾದ ಮಾತಾಡೋಣ.” ಚೀಲದಿಂದ ಕಾಗದದ ಲೋಟ ತೆಗೆದಳು. “ಕಳೆದ ವಾರದ ಪಾಠ ನೆನಪಿದೆ ಅಲ್ವಾ? ಇವತ್ತು ಹಿಂದಿನಿಂದ ಶುರು ಮಾಡೋಣ. ಆವತ್ತು ಕುಡಿಯೋಕೆ ಹೆದರಿದ ಹುಡುಗಿ ಯಾರು? ಹಾಂ, ನೀನೇ. ತಗೋ ಮರಿ.”

ಲೋಟ ಕೊನೆಯ ಸಾಲಿಗೆ ಹೋಯಿತು. ಓಜೆಲ್ಲಾಳ ಬಾವುಟ ಏರಿತು. ಜೀವಮಾನದಲ್ಲಿ ಅಷ್ಟು ಎತ್ತರಕ್ಕೆ ಏರಿರಲಿಲ್ಲ. ಆ ಬಿಳಿ ಕೈಚೀಲ, ಆ ‘ಮರಿ’, ಕ್ರೂರತನಕ್ಕೆ ಸವರಿದ ಆ ಪೆಪ್ಪರ್‌ಮಿಂಟು. ಅದನ್ನು ಸೋಪಿನ ನೀರಿನಲ್ಲಿ ಹಾಕಿದರೂ ಹೋಗುವಂಥದಲ್ಲ.

“ಮಿಸೆಸ್ ಬ್ಲೇಲಾಕ್,” ಅಂದಳು. “ಅದರಲ್ಲಿ ಮೊದಲು ನೀವು ಉಗೀರಿ.”

“ಏನಂದ್ರಿ?”

“ನಿಮಗೂ ಮದುವೆ ಆಗಿದೆಯಲ್ಲ. ಉಗೀರಿ. ನಿಮ್ಮ ಯಜಮಾನ್ರನ್ನ ಕರೀತೀನಿ, ಕುಡೀತಾರಾ ನೋಡೋಣ.”

ಡೆಜಿರೇ ಟವೆಲ್ಲನ್ನು ಬಾಯಿಗೆ ತುರುಕಿಕೊಂಡಳು. ಬ್ಲೇಲಾಕ್‌ಳ ನಗು ಮೊದಲ ಸಲ ಮುಖದಿಂದ ಬಿತ್ತು.

“ಓಜೆಲ್ಲಾ!” ವರ್ಡೆಲ್ ಹತ್ತಿರ ಬಂದು ದನಿ ತಗ್ಗಿಸಿದಳು. ಇಬ್ಬರೂ ಒಂದೇ ತರಗತಿಯಲ್ಲಿ ಓದಿದವರು. ಹುಡುಗಿಯರ ಮುಂದೆ ಮಾತ್ರ ‘ಮಿಸೆಸ್ ಹೈಟವರ್’. “ತಲೆ ಕೆಟ್ಟಿದೆಯಾ ನಿಂಗೆ? ಮಂಗಳವಾರ ಅವರ ಚರ್ಚಿನ ಹೆಂಗಸ್ರು ಬರದಿದ್ರೆ ಈ ಹುಡುಗೀರು ಬೊಂಬೆ ತಲೆಗೆ ಜಡೆ ಹಾಕ್ಕೊಂಡ್ ಕೂರ್ಬೇಕಾ? ಕನ್ನಡಿ ಒರೆಸು. ಕ್ಷಮೆ ಕೇಳು.”

“ವರ್ಡೆಲ್, ಹಳದಿ ಕೋಣೆ ನೋಡಿದೀಯಲ್ಲ ನೀನು.”

ವರ್ಡೆಲ್‌ಳ ಬೆರಳು ಮುತ್ತಿನ ಮೇಲೆ ನಿಂತಿತು. “ಅದನ್ಯಾಕೆ ಈಗ ತೆಗೀತೀಯ?”

“ಯಾಕಂದ್ರೆ…”

ಹಿಂದಿನ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ಟೆರಿಯಾ ಎದ್ದಿದ್ದಳು. ಕೈಯಲ್ಲಿದ್ದ ಖಾಲಿ ಲೋಟವನ್ನು ಒಂದು ಕ್ಷಣ ನೋಡಿದಳು. ಪಕ್ಕದವಳಿಗೆ ಕೊಡಲಿಲ್ಲ. ಅದನ್ನು ಮೇಜಿನ ಮೇಲೆ ಮಗುಚಿ ಇಟ್ಟು, ಕೋಟು ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ, ನೋವಿಗೆ ಸಣ್ಣ ಹೆಜ್ಜೆ ಹಾಕುತ್ತ ಮುಂಬಾಗಿಲಿನಿಂದಲೇ ಹೊರಗೆ ಹೋದಳು.

“ಆ ಹುಡುಗಿಗೆ ಏನಾಯ್ತು?” ಅಂದಳು ಬ್ಲೇಲಾಕ್.

ಗಡಿಯಾರದಲ್ಲಿ ಹತ್ತು ಇಪ್ಪತ್ತು.

“ನಾನು ಹೇಳೋದು ಕೇಳು, ಓಜೆಲ್ಲಾ,” ವರ್ಡೆಲ್ ಅವಳ ತೋಳು ಹಿಡಿಯಹೋದವಳು ಆ ಬರಿಗೈಗಳನ್ನು ಕಂಡು ತನ್ನ ಕೈ ಹಿಂದಕ್ಕೆಳೆದುಕೊಂಡಳು. “ಮಧ್ಯಾಹ್ನ ಕೂತು ಮಾತಾಡೋಣ. ನಿಂಗೆ ಪಾಠಕ್ಕೆ ಇನ್ನೊಂದು ಗಂಟೆ ಬೇಕಾದ್ರೆ ಕೊಡ್ತೀನಿ. ಈ ಕೋಳಿ, ಬಾಚಣಿಗೆ ಪಾಠ ಎಷ್ಟು ಬೇಕಾದ್ರೂ ಮಾಡ್ಕೊ. ಆದ್ರೆ ಇಂಥಾದನ್ನ…”

ಮುಂದಿನ ಗಾಜಿನ ಆಚೆ ರಸ್ತೆ ಬದಿಯಲ್ಲಿ ಓಜೆಲ್ಲಾಳ ಹಳೆಯ ಕಂದು ಕಾರು ನಿಂತಿತ್ತು. ಅದರ ಬಾಗಿಲ ಹಿಡಿಗೆ ಕೈಯಿಟ್ಟು, ಬೆನ್ನು ಇತ್ತ ಮಾಡಿ, ಟೆರಿಯಾ ನಿಂತಿದ್ದಳು. ಬಾಗಿಲಿಗೆ ಬೀಗ ಹಾಕಿತ್ತು. ಹೆಚ್ಚು ಹೊತ್ತು ನಿಲ್ಲುವವಳಂತೆ ಕಾಣಲಿಲ್ಲ.

ಓಜೆಲ್ಲಾ ಬೀಗದಕೈ ಗೊಂಚಲಿಗೆ ಕೈ ಹಾಕಿದಳು. ಕೈಗವಸು ಮೇಜಿನ ಮೇಲೆಯೇ ಉಳಿಯಿತು.

“…ಇಂಥಾದನ್ನ ಒಂದು ಮಾತು ನನ್ನ ಕೇಳ್ದೆ ಹೇಗೆ… ಎಲ್ಲಿಗೆ ಹೊರಟೆ? ಓಜೆಲ್ಲಾ, ಕಾರ್ಡ್ ಒತ್ತದೆ ಹೋದ್ರೆ ನಾನು ಏನಂತ ಬರೀಲಿ? ನಾನಿನ್ನೂ ಮಾತು ಮುಗಿಸಿಲ್ಲ, ನಿಂತ್ಕೊ, ಮಿಸೆಸ್ ಬ್ಲೇಲಾಕ್ ಹತ್ರ ನಾನು ಏನಂತ…”

ಬಾಗಿಲು ತಾನಾಗಿ ಮುಚ್ಚಿಕೊಳ್ಳುವಷ್ಟರಲ್ಲಿ ಓಜೆಲ್ಲಾ ಕಾಲುದಾರಿ ದಾಟಿ ಕಾರಿನ ಹತ್ತಿರ ತಲುಪಿದ್ದಳು.